ಮುಳ್ಳಯ್ಯನಗಿರಿ ಸೈಕಲ್ ರೈಡ್: ರೂಟ್ ಹಾಕುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಗೂಗಲ್ ಮ್ಯಾಪ್‌ನಲ್ಲಿ ಕಾಣುವ ಟೂ ವೀಲರ್ ದಾರಿ ಮೋಟಾರ್ ಬೈಕಿನದು, ಅದರ ಸಮಯದ ಲೆಕ್ಕ ನಮಗೆ ಹೊಂದುವುದಿಲ್ಲ. ನಡಿಗೆಯ ದಾರಿಯಂತೂ ಬೇಡವೇ ಬೇಡ, ಕಾಫಿ ತೋಟದೊಳಗೆ ನುಗ್ಗಿಸಿ ಬೀಗ ಹಾಕಿದ ಗೇಟಿನ ಮುಂದೆ ನಿಲ್ಲಿಸಬಹುದು.

ಸೈಕಲ್ಲಿಗೆ ದಾರಿ ಹಾಕಿಕೊಡುವ ಬ್ರೌಟರ್ ಎಂಬ ಜಾಲತಾಣ ತೆರೆದು ಚಿಕ್ಕಮಗಳೂರು, ಕೈಮರ, ಸೀತಾಳಯ್ಯನಗಿರಿ ಅಂತ ಒಂದೊಂದೇ ಬಿಂದು ಇಡಿ. ಪ್ರತಿ ಬಿಂದುವನ್ನೂ ಜೂಮ್ ಮಾಡಿ ನೋಡಿ. ಅದು ಪಕ್ಕದ ತೋಟದ ದಾರಿಗೆ ಹತ್ತು ಮೀಟರ್ ಜಾರಿದರೂ ಸಾಕು, ಒಳಗೆ ಹೋಗಿ ವಾಪಸ್ ಬರುವ ಬಾಲವೊಂದು ರೂಟಿಗೆ ಅಂಟಿಕೊಳ್ಳುತ್ತದೆ.

ಏರಿನ ವಿಷಯ ಸರಿಯಾಗಿ ತಿಳಿದುಕೊಳ್ಳಿ. ಚಿಕ್ಕಮಗಳೂರು ಸುಮಾರು 1,090 ಮೀಟರ್ ಎತ್ತರದಲ್ಲಿದೆ, ಶಿಖರ 1,930. ಇಂಥ ತಾಣಗಳ ಎತ್ತರದ ಮಾಹಿತಿ ಸಾಮಾನ್ಯವಾಗಿ 30 ಮೀಟರ್ ಅಥವಾ ಅದಕ್ಕೂ ದೊಡ್ಡ ಚೌಕಗಳದು, ಒಂದು ಚೌಕಕ್ಕೆ ಒಂದೇ ಎತ್ತರ. ಹೇರ್‌ಪಿನ್ ತಿರುವಿನಲ್ಲಿ ಮೇಲಿನ ರಸ್ತೆ, ಕೆಳಗಿನ ರಸ್ತೆ ಎರಡೂ ಒಂದೇ ಚೌಕಕ್ಕೆ ಬೀಳುತ್ತವೆ. ಹಾಗಾಗಿ ನಡುವೆ ಎಲ್ಲೋ 25% ಏರು ಅಂತ ಕಂಡರೆ ಗಾಬರಿ ಬೇಡ. ಪೂರ್ತಿ ಒಂದು ಕಿಲೋಮೀಟರಿಗೆ ಎಷ್ಟು ಏರುತ್ತದೆ ನೋಡಿ: 80 ಮೀಟರ್ ಅಂದರೆ 8%. ಗೇರ್ ನಿರ್ಧರಿಸಲು ನಂಬಬೇಕಾದ್ದು ಈ ಲೆಕ್ಕವನ್ನೇ.

ರೂಟಿನ ಫೈಲನ್ನು ಜಿಪಿಎಕ್ಸ್ ಟ್ರ್ಯಾಕ್ ಆಗಿಯೇ, ಅಂದರೆ ದಾರಿಯ ಪೂರ್ತಿ ಗೆರೆ ಇರುವ ಹಾಗೆ, ಇಳಿಸಿಕೊಳ್ಳಿ. ಬರೀ ಬಿಂದುಗಳು ಹೋದರೆ ಫೋನ್ ತನಗೆ ತೋಚಿದ ದಾರಿ ಹಾಕುತ್ತದೆ. ಗುಂಪಿಗೆ ಡಾಕ್ಯುಮೆಂಟ್ ಆಗಿ ಕಳಿಸಿ, ಸ್ಕ್ರೀನ್‌ಶಾಟ್ ಬೇಡ. ಬೆಟ್ಟದಲ್ಲಿ ನೆಟ್‌ವರ್ಕ್ ನಂಬುವಂತಿಲ್ಲ. ನೆಟ್ ಇಲ್ಲದೆಯೂ ನಕ್ಷೆ ತೋರಿಸುವ ಓಸ್ಮ್ಯಾಂಡ್ ಆ್ಯಪಿಗೆ ಕರ್ನಾಟಕದ ನಕ್ಷೆಯನ್ನು ಹಿಂದಿನ ರಾತ್ರಿಯೇ ಇಳಿಸಿ, ಫ್ಲೈಟ್ ಮೋಡ್‌ನಲ್ಲಿ ಒಮ್ಮೆ ತೆರೆದು ನೋಡಿ.