ರೊಟೊರುವಾಗೆ ಹೊರಟ ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ನ್ಯೂಜಿಲೆಂಡ್ ಪ್ಲಾನ್ ನೋಡಿದೆ. ಫೆಬ್ರವರಿ ಪೂರ್ತಿ ರೊಟೊರುವಾ. ಬೆಳಗ್ಗೆ ಕಾಡಲ್ಲಿ ಸೈಕಲ್, ಸಂಜೆಯಿಂದ ಆಫೀಸ್ ಕೆಲಸ. ಖಂಡಿತ ಹೋಗಿ ಬಾ. ಬೆಂಗಳೂರಿನ ತುರಹಳ್ಳಿ ಕಾಡಿನ ಬಂಡೆಗಳ ಮೇಲೆ ಬಿದ್ದು ಎದ್ದು ಕಲಿತವಳು ನೀನು. 1901ರಲ್ಲಿ ನೆಟ್ಟ ರೆಡ್‌ವುಡ್ ಮರಗಳ ನಡುವೆ, ನೂರು ಕಿಲೋಮೀಟರ್‌ಗೂ ಜಾಸ್ತಿ ಸೈಕಲ್ ಹಾದಿ ಇರುವ ಕಾಡಿಗೆ ಹೋಗಬೇಕು ಅನ್ನಿಸೋದು ಸಹಜ. ಆದರೆ ನಿನ್ನ ಪ್ಲಾನ್‌ನಲ್ಲಿ ನಿದ್ದೆಗೆ ಜಾಗವೇ ಕಾಣಲಿಲ್ಲ. ಅದಕ್ಕೇ ಈ ಪತ್ರ.

ನೀನೇ ಲೆಕ್ಕ ಹಾಕು. ಫೆಬ್ರವರಿಯಲ್ಲಿ ಅಲ್ಲಿನ ಗಡಿಯಾರ ನಮಗಿಂತ ಏಳೂವರೆ ಗಂಟೆ ಮುಂದೆ. ನಿನ್ನ ಆಫೀಸ್ ಹೊತ್ತು, ಇಲ್ಲಿ ಬೆಳಗ್ಗೆ 9.30ರಿಂದ ಸಂಜೆ 6.30, ಅಂದರೆ ಅಲ್ಲಿ ಸಂಜೆ 5ರಿಂದ ರಾತ್ರಿ 2. ಲ್ಯಾಪ್‌ಟಾಪ್ ಮುಚ್ಚಿದ ತಕ್ಷಣ ನಿದ್ದೆ ಹತ್ತಲ್ಲ. ಮಲಗುವಾಗ ಮೂರು ಗಂಟೆಯಾಗುತ್ತೆ. ಏಳಕ್ಕೆಲ್ಲ ಟ್ರೈಲ್‌ನಲ್ಲಿ ಇರ್ತೀನಿ ಅಂತ ಬರೆದಿದ್ದೀಯ!

ವರ್ಷಗಟ್ಟಲೆ ನೈಟ್ ಡ್ಯೂಟಿ ಮಾಡಿದ ನರ್ಸ್ ನಾನು. ನಿದ್ದೆಗೆಟ್ಟವರಿಗೆ ತಾವು ಮಂಕಾಗಿದ್ದೇವೆ ಅನ್ನೋದೇ ಗೊತ್ತಾಗಲ್ಲ. ಚೆನ್ನಾಗೇ ಇದ್ದೀನಿ ಅನ್ನಿಸುತ್ತೆ, ಕೈ ಮಾತ್ರ ಒಂದು ಚೂರು ತಡವಾಗುತ್ತೆ. ವಾರ್ಡ್‌ನಲ್ಲಾದರೆ ಔಷಧಿ ಕೊಡೋ ಮುಂಚೆ ಇನ್ನೊಮ್ಮೆ ನೋಡೋಕೆ ಪಕ್ಕದಲ್ಲಿ ಮತ್ತೊಬ್ಬಳು ಇರ್ತಾಳೆ. ಇಳಿಜಾರಿನಲ್ಲಿ ಬ್ರೇಕ್ ಹಿಡಿಯೋಳು ನೀನೊಬ್ಬಳೇ. ಬೀಳುವಾಗ ಎಲ್ಲರೂ ಕೈ ಊರುತ್ತಾರೆ. ಏಟು ಮಣಿಕಟ್ಟಿಗೆ ಬೀಳುತ್ತೆ, ಇಲ್ಲವೇ ಕಾಲರ್ ಬೋನ್‌ಗೆ. ಮುರಿದರೆ ವಾರಗಟ್ಟಲೆ ಸೈಕಲ್ಲೂ ಇಲ್ಲ, ಟೈಪಿಂಗೂ ಇಲ್ಲ.

ನಿನ್ನ ಮ್ಯಾನೇಜರ್ ಹತ್ತಿರ ಒಂದು ಮಾತು ಕೇಳು. ಇಲ್ಲಿನ ಬೆಳಗ್ಗೆ 7.30ಕ್ಕೆ ಶುರು ಮಾಡಿ 4.30ಕ್ಕೆ ಮುಗಿಸ್ತೀನಿ ಅನ್ನು. ಅಲ್ಲಿ ಅದು ಮಧ್ಯಾಹ್ನ 3ರಿಂದ ರಾತ್ರಿ 12. ಒಂದಕ್ಕೆ ಮಲಗಿದರೂ ಎಂಟೂವರೆ ತನಕ ನಿದ್ದೆ ಮಾಡಬಹುದು. ಆಮೇಲೆ ಎರಡು ಗಂಟೆ ಸೈಕಲ್, ಸ್ನಾನ, ಊಟ. ಇದು ಆಗುವಂಥದ್ದು. ಕಷ್ಟದ ಟ್ರೈಲ್‌ಗಳನ್ನೆಲ್ಲ ಭಾನುವಾರಕ್ಕೆ ಇಟ್ಟುಕೋ. ಶನಿವಾರ ಚೆನ್ನಾಗಿ ಮಲಗು. ಇನ್ನೂ ಬೇಕು ಅನ್ನಿಸಿದರೆ ಮಧ್ಯದಲ್ಲಿ ಎರಡು ದಿನ ರಜೆ ಹಾಕು, ರಜೆ ಇರೋದೇ ಅದಕ್ಕಲ್ವಾ. ಅಲ್ಲಿ ಟ್ರೈಲ್‌ಗಳಿಗೆ ಸುಲಭದ 1ರಿಂದ ತೀರಾ ಕಷ್ಟದ 6ರ ತನಕ ಗ್ರೇಡ್ ಇದೆ. ಬಾಡಿಗೆ ಸೈಕಲ್ ಕೈಗೆ ಒಗ್ಗುವ ತನಕ 3 ದಾಟಬೇಡ.

ವೀಸಾ ಬಗ್ಗೆ ಅಪ್ಪನಿಗೆ ಗಾಬರಿ ಇತ್ತು. ಓದಿ ಹೇಳಿದೆ. 2025ರ ಜನವರಿ 27ರಿಂದ ವಿಸಿಟರ್ ವೀಸಾದಲ್ಲೇ ಹೊರದೇಶದ ಕಂಪನಿಗೆ ಕೆಲಸ ಮಾಡಬಹುದು. ಅಲ್ಲಿನ ಕಂಪನಿಗೆ ಮಾಡುವಂತಿಲ್ಲ. 90 ದಿನ ದಾಟಿದರೆ ತೆರಿಗೆ ವಿಚಾರ ನೋಡಬೇಕಾಗುತ್ತೆ, ನಿನಗದು ಬರಲ್ಲ. ನಿನ್ನ ಆಫೀಸಿನ ಒಪ್ಪಿಗೆ ಮಾತ್ರ ಬಾಯಿಮಾತಲ್ಲಿ ಬೇಡ, ಮೇಲ್‌ನಲ್ಲಿ ತಗೋ.

ಇನ್ಶೂರೆನ್ಸ್ ವಿಷಯ ನನಗೆ ಮುಖ್ಯ. ನ್ಯೂಜಿಲೆಂಡ್‌ನಲ್ಲಿ ಎಸಿಸಿ ಅಂತ ಸರ್ಕಾರಿ ವ್ಯವಸ್ಥೆ ಇದೆ. ಅಪಘಾತವಾಗಿ ಗಾಯವಾದರೆ ಪ್ರವಾಸಿಗಳ ಚಿಕಿತ್ಸೆಗೂ ನೆರವಾಗುತ್ತೆ. ಎಷ್ಟು ಒಳ್ಳೆಯ ಏರ್ಪಾಡು! ಆದರೆ ಜ್ವರ, ಹೊಟ್ಟೆನೋವು ಅಂತ ಆಸ್ಪತ್ರೆಗೆ ಹೋದರೆ ಅದು ಬರಲ್ಲ. ನಿನ್ನನ್ನು ಊರಿಗೆ ಕರೆತರೋ ಖರ್ಚೂ ಅದರಲ್ಲಿಲ್ಲ. ಹಾಗಾಗಿ ಪಾಲಿಸಿ ಬೇಕೇ ಬೇಕು. ಎಷ್ಟೋ ಪಾಲಿಸಿಗಳಲ್ಲಿ ಸಾಹಸ ಕ್ರೀಡೆಗೆ ಕವರ್ ಇರಲ್ಲ. ಮೌಂಟನ್ ಬೈಕಿಂಗ್, ಡೌನ್‌ಹಿಲ್ ಎರಡನ್ನೂ ಹೆಸರಿಸಿ ಕೇಳು, ಉತ್ತರ ಬರಹದಲ್ಲಿ ತಗೋ.

ಸೈಕಲ್ ಅಲ್ಲೇ ಬಾಡಿಗೆಗೆ ತಗೊಳ್ಳೋದು ಒಳ್ಳೆಯದು. ಹೊರಗಿನ ಮಣ್ಣು, ಬೀಜ ಒಳಗೆ ಬರಬಾರದು ಅಂತ ಅವರದು ಬಹಳ ಕಟ್ಟುನಿಟ್ಟು. ನೀನು ಇಲ್ಲಿ ಬಿಟ್ಟುಹೋದ ಶೂ ನಿನ್ನೆ ಹಳೇ ಟೂತ್‌ಬ್ರಷ್ ಹಿಡಿದು ತಿಕ್ಕಿ ತೊಳೆದೆ. ಮೇಲೆ ಚೊಕ್ಕಟವಾಗಿ ಕಾಣ್ತಿತ್ತು. ಅಡಿಯ ರಬ್ಬರ್ ಸಂದಿಗೆ ಸೇಫ್ಟಿಪಿನ್ ಹಾಕಿ ಕೆದಕಿದರೆ ಕೆಂಪು ಮಣ್ಣು ಗಟ್ಟಿಯಾಗಿ ಕೂತಿತ್ತು, ಅದರೊಳಗೆ ಎರಡು ಹುಲ್ಲಿನ ಬೀಜ. ಬಿಸಿಲಿಗೆ ಇಟ್ಟಿದ್ದೀನಿ, ಕೊರಿಯರ್ ಮಾಡ್ತೀನಿ. ಮೊಣಕಾಲಿನ ಪ್ಯಾಡ್ ನೀನೇ ತೊಳೆದುಕೋ. ಬಳಸಿದ ಸಾಮಾನು ಇದೆ ಅಂತ ಇಳಿಯುವಾಗ ಫಾರ್ಮ್‌ನಲ್ಲಿ ತಪ್ಪದೆ ತಿಳಿಸು. ಚಟ್ನಿಪುಡಿ ಕಟ್ಟಿಕೊಡ್ತೀನಿ, ಅದನ್ನೂ ತಿಳಿಸಬೇಕು. ಮುಚ್ಚಿಟ್ಟರೆ ಅಲ್ಲೇ 400 ನ್ಯೂಜಿಲೆಂಡ್ ಡಾಲರ್ ದಂಡ. ಕೊಡಗಿನ ಜೇನುತುಪ್ಪ ಮಾತ್ರ ಬೇಡ, ಒಳಗೆ ಬಿಡಲ್ಲ.

ಅಲ್ಲಿ ತುರ್ತು ನಂಬರ್ 111. ಕಾಡಿಗೆ ಹೋಗೋ ಮುಂಚೆ ಯಾವ ಟ್ರೈಲ್, ಎಷ್ಟು ಹೊತ್ತಿಗೆ ವಾಪಸ್ ಅಂತ ನೀನು ಉಳಿಯೋ ಮನೆಯವರಿಗೆ ಹೇಳಿ ಹೋಗು. ನನಗೂ ಮೆಸೇಜ್ ಹಾಕು. ಆಗ ನಮಗೆ ನಡುರಾತ್ರಿ ಆಗಿರುತ್ತೆ, ಪರವಾಗಿಲ್ಲ, ಎದ್ದಾಗ ನೋಡ್ತೀನಿ.

ಟಿಕೆಟ್ ಬುಕ್ ಮಾಡೋ ಮುಂಚೆ ಪಾಲಿಸಿ ಕಾಗದ ನನಗೊಮ್ಮೆ ಕಳಿಸು. ಮ್ಯಾನೇಜರ್ ಏನಂದರು ಅಂತಲೂ ತಿಳಿಸು.

ಪ್ರೀತಿಯಿಂದ,
ಅಮ್ಮ