ರೇನ್‌ಬೋ ಮೀನು ಇನ್ನು ಬಿಡಿಯಾಗಿ ಸಿಗುವುದಿಲ್ಲ: ಗ್ರಾಹಕರಿಗೊಂದು ಪತ್ರ

ಆತ್ಮೀಯ ಗ್ರಾಹಕರಿಗೆ ನಮಸ್ಕಾರ.

ಸುತ್ತಿ ಬಳಸದೆ ವಿಷಯಕ್ಕೆ ಬರುತ್ತೇವೆ. ಬರುವ ತಿಂಗಳ ಒಂದನೇ ತಾರೀಖಿನಿಂದ ನಮ್ಮ ಅಕ್ವೇರಿಯಂ ಅಂಗಡಿಯಲ್ಲಿ ರೇನ್‌ಬೋ ಮೀನುಗಳನ್ನು ಬಿಡಿಯಾಗಿ ಕೊಡುವುದಿಲ್ಲ. ಕೊಂಡರೆ ಒಂದೇ ಜಾತಿಯ ಆರು. ಎಂಟು, ಹತ್ತು ಒಯ್ದರೆ ಇನ್ನೂ ಸಂತೋಷ. ಟ್ಯಾಂಕಿನ ಮೇಲಿದ್ದ ‘ಜೋಡಿ’ ಎಂಬ ಚೀಟಿ ತೆಗೆದಿದ್ದೇವೆ. ಬಣ್ಣಕ್ಕೊಂದರಂತೆ ಮೀನು ಹಿಡಿದು ಒಂದೇ ಕವರಿಗೆ ಹಾಕಿ ‘ಮಿಕ್ಸ್ ರೇನ್‌ಬೋ’ ಎಂದು ಕೊಡುತ್ತಿದ್ದೆವಲ್ಲ, ಅದನ್ನೂ ನಿಲ್ಲಿಸಿದ್ದೇವೆ.

ಮೂವರು ಸೇರಿ ನಡೆಸುವ ಚಿಕ್ಕ ವ್ಯಾಪಾರ ನಮ್ಮದು. ಬಂದವರು ಕೇಳಿದ್ದಕ್ಕೆ ಇಲ್ಲ ಎನ್ನುವುದು ನಮಗೂ ಸುಲಭವಲ್ಲ. ಹಾಗಾಗಿ ಕಾರಣವನ್ನು ಬಿಡಿಸಿಯೇ ಬರೆಯುತ್ತಿದ್ದೇವೆ.

ಕೆಲವು ತಿಂಗಳ ಹಿಂದೆ ಒಬ್ಬರು ಬೋಸೆಮನಿ ಎಂಬ ಜಾತಿಯ ಗಂಡು ರೇನ್‌ಬೋ ಒಂದನ್ನು ವಾಪಸ್ ತಂದರು. ಒಂದೂವರೆ ವರ್ಷದ ಕೆಳಗೆ ನಮ್ಮಲ್ಲೇ ಕೊಂಡದ್ದು. ‘ಮುಂದಿನ ಅರ್ಧ ನೀಲಿ, ಹಿಂದಿನ ಅರ್ಧ ಕಿತ್ತಳೆ ಆಗುತ್ತೆ ಅಂದಿದ್ರಿ. ಈಗ ನೋಡಿ’ ಎಂದರು. ನೋಡಿದೆವು. ಒಗೆದು ಒಗೆದು ಮಾಸಿದ ಬಟ್ಟೆಯ ಹಾಗಿತ್ತು. ರೋಗವಿರಲಿಲ್ಲ, ಮೈ ಸೊರಗಿರಲಿಲ್ಲ. ಅವರೋ ವಾರಕ್ಕೊಮ್ಮೆ ತಪ್ಪದೆ ನೀರು ಬದಲಿಸುವವರು. ಟ್ಯಾಂಕಿನಲ್ಲಿ ಟೆಟ್ರಾ ಇದ್ದವು, ಕೋರಿಡೋರಸ್ ಇದ್ದವು. ರೇನ್‌ಬೋ ಮಾತ್ರ ಇದೊಂದೇ. ಫಿಲ್ಟರ್ ಪೈಪಿನ ಹಿಂದಿನ ಮೂಲೆ ಬಿಟ್ಟು ಈಚೆಗೆ ಬರುತ್ತಲೇ ಇರಲಿಲ್ಲವಂತೆ.

ಎರಡು ವಾರ ಬೇರೆ ಇಟ್ಟು ನೋಡಿ, ಆಮೇಲೆ ಅದನ್ನು ನಮ್ಮ ನಾಲ್ಕಡಿ ಟ್ಯಾಂಕಿನ ಏಳು ಬೋಸೆಮನಿಗಳ ಜೊತೆ ಬಿಟ್ಟೆವು. ಮೊದಲ ದಿನ ಗಿಡದ ಮರೆಯಲ್ಲೇ ಕಳೆಯಿತು. ಎರಡನೇ ದಿನ ಗುಂಪಿನ ಹಿಂದೆ ಹಿಂದೆ ಈಜತೊಡಗಿತು. ನಾಲ್ಕನೇ ದಿನ ಬೆಳಿಗ್ಗೆ, ಲೈಟ್ ಹಾಕಿ ಐದು ನಿಮಿಷವಾಗಿರಬಹುದು, ಇನ್ನೊಂದು ಗಂಡು ಬಂದು ಅದರ ಪಕ್ಕಕ್ಕೆ ನಿಂತಿತು. ಇದು ಓಡಲಿಲ್ಲ. ಎರಡೂ ಬೆನ್ನಿನ ಮೇಲಿನ ಎರಡೆರಡು ರೆಕ್ಕೆಗಳನ್ನೂ ಹೊಟ್ಟೆಯಡಿಯ ರೆಕ್ಕೆಯನ್ನೂ ಆದಷ್ಟು ಚಾಚಿಕೊಂಡು, ಒಂದರ ತಲೆಗೆ ಇನ್ನೊಂದರ ಬಾಲ ಬರುವಂತೆ ಸುತ್ತತೊಡಗಿದವು. ಆಗ ನಮ್ಮ ಮಾಸಲು ಮೀನಿನ ಹಣೆಯಲ್ಲಿ, ಮೂತಿಯಿಂದ ಬೆನ್ನುರೆಕ್ಕೆಯ ಬುಡದವರೆಗೆ, ನಾಮ ಎಳೆದ ಹಾಗೆ ಬೆಳ್ಳನೆಯ ಪಟ್ಟಿಯೊಂದು ಮೂಡಿತು. ಎರಡು ಕ್ಷಣ ಇತ್ತು, ಆರಿತು, ಮತ್ತೆ ಮೂಡಿತು. ತಿಂಗಳೊಳಗೆ ಕಿತ್ತಳೆ ಬಣ್ಣ ಬಂತು. ವಿಶೇಷ ಆಹಾರವೇನೂ ಹಾಕಿರಲಿಲ್ಲ.

ಆ ಮೀನನ್ನು ಒಂಟಿಯಾಗಿ ಕವರಿಗೆ ಹಾಕಿ ಕೊಟ್ಟವರು ನಾವೇ. ‘ಒಂದೇ ಸಾಕಾ?’ ಎಂದು ಕೂಡ ಕೇಳಿರಲಿಲ್ಲ.

ಗಂಡು ರೇನ್‌ಬೋ ಬಣ್ಣ ಏರಿಸುವುದು ಇನ್ನೊಂದು ಗಂಡಿನ ಎದುರು, ಇಲ್ಲವೇ ಹೆಣ್ಣಿನ ಎದುರು. ನೋಡುವವರೇ ಇಲ್ಲದ ಮನೆಯಲ್ಲಿ ಅದು ಯಾರಿಗೆಂದು ಸಿಂಗರಿಸಿಕೊಳ್ಳಬೇಕು? ಹೊಸಬರು ಕೆಲವರು ಈ ಸುತ್ತಾಟವನ್ನು ಜಗಳ ಎಂದುಕೊಂಡು ಗಾಬರಿಯಿಂದ ಫೋನ್ ಮಾಡುತ್ತಾರೆ. ರೆಕ್ಕೆ ಹರಿದಿಲ್ಲ, ಹುರುಪೆ ಉದುರಿಲ್ಲ ಎಂದಾದರೆ ಅದು ಬರೀ ಪೈಪೋಟಿ. ಕುರ್ಚಿ ಎಳೆದುಕೊಂಡು ಕೂತು ನೋಡಿ. ದಿನಕ್ಕೆ ಹತ್ತಾರು ಸಲ ನಡೆಯುತ್ತದೆ, ಬೆಳಿಗ್ಗೆ ಹೊತ್ತು ಇನ್ನೂ ಜೋರು. ಇವು ಮೊಟ್ಟೆ ಇಡುವ ಹೊತ್ತೂ ಸಾಮಾನ್ಯವಾಗಿ ಅದೇ.

ಹಾಗಾದರೆ ಜೋಡಿ ಸಾಲದೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಸಾಲದು. ರೇನ್‌ಬೋ ಹೆಣ್ಣು ಒಂದೇ ಸಲಕ್ಕೆ ಎಲ್ಲ ಮೊಟ್ಟೆ ಇಟ್ಟು ಮುಗಿಸುವುದಿಲ್ಲ. ದಿನಕ್ಕೆ ಕೆಲವೇ ಕೆಲವು, ಅದೂ ಎಷ್ಟೋ ದಿನ. ಸಣ್ಣ ಅಂಟುನೂಲಿರುವ ಮೊಟ್ಟೆಗಳನ್ನು ಗಿಡಕ್ಕೋ ಪಾಚಿಗೋ ಅಂಟಿಸುತ್ತಾ ಹೋಗುತ್ತದೆ. ಗಂಡೂ ಅದೇ ಲೆಕ್ಕದಲ್ಲಿ ದಿನವೂ ಬೆನ್ನು ಹತ್ತುತ್ತದೆ. ಇರುವುದೇ ಒಂದು ಹೆಣ್ಣು ಎಂದರೆ ಅದಕ್ಕೆ ಬಿಡುವು ಎಲ್ಲಿ? ಎರಡೂ ಗಂಡಾದರೆ ಕಥೆ ಬೇರೆ: ಸೋತದ್ದು ಮೂಲೆ ಹಿಡಿಯುತ್ತದೆ, ಗೆದ್ದದ್ದು ಅಲ್ಲಿಗೂ ಹೋಗಿ ಓಡಿಸುತ್ತದೆ. ಆರೇಳು ಮೀನುಗಳ ನಡುವೆ ಈ ಓಡಿಸುವಿಕೆ ಹಂಚಿಹೋಗುತ್ತದೆ. ಒಂದರ ಬೆನ್ನು ಹತ್ತಿದ್ದು ಅರ್ಧ ದಾರಿಯಲ್ಲಿ ಇನ್ನೊಂದನ್ನು ಕಂಡು ಅತ್ತ ತಿರುಗುತ್ತದೆ, ಮೊದಲನೆಯದು ತಪ್ಪಿಸಿಕೊಳ್ಳುತ್ತದೆ. ನಮ್ಮ ಆಯ್ಕೆ ಎರಡು ಗಂಡು, ನಾಲ್ಕು ಹೆಣ್ಣು. ‘ಹೆಣ್ಣು ಬೇಡ, ಬಣ್ಣ ಇಲ್ಲ’ ಎನ್ನುವವರು ಬಹಳ. ಹೆಣ್ಣಿದ್ದರೆ ಗಂಡಿನ ಬಣ್ಣ ಇನ್ನೂ ಏರುತ್ತದೆ ಎಂದು ಅವರಿಗೆ ಹೇಳಿ ಹೇಳಿ ನಮ್ಮ ಬಾಯಿ ಸೋತಿದೆ. ಇಲ್ಲಿ ಒಮ್ಮೆ ಬರೆದಿಟ್ಟಿದ್ದೇವೆ.

ಗುಂಪಿನಿಂದ ಬಣ್ಣವಷ್ಟೇ ಅಲ್ಲ, ಬುದ್ಧಿಯೂ ಓಡುತ್ತದೆ. ಆಸ್ಟ್ರೇಲಿಯಾದಲ್ಲಿ ಕಲಮ್ ಬ್ರೌನ್ ಮತ್ತು ಕೆವಿನ್ ವಾರ್ಬರ್ಟನ್ ಎಂಬ ಇಬ್ಬರು ಸಂಶೋಧಕರು ಅಲ್ಲಿನ ಡುಬೋಲೆ ರೇನ್‌ಬೋಗಳ ಮೇಲೆ ಪ್ರಯೋಗ ಮಾಡಿ 1999ರಲ್ಲಿ ಪ್ರಕಟಿಸಿದರು. ಟ್ಯಾಂಕಿನಲ್ಲಿ ಒಂದು ಬಲೆ ಎಳೆಯುವುದು, ಬಲೆಯಲ್ಲಿ ತಪ್ಪಿಸಿಕೊಳ್ಳಲು ಒಂದೇ ಕಿಂಡಿ. ಐದು ಮೀನುಗಳ ಗುಂಪು ಸಲಸಲಕ್ಕೂ ಚುರುಕಾಗುತ್ತಾ ಕಿಂಡಿ ಹುಡುಕುವುದನ್ನು ಕಲಿಯಿತು. ಎರಡೇ ಮೀನುಗಳಿದ್ದ ಕಡೆ ಅಂಥ ಸುಧಾರಣೆ ಕಾಣಲಿಲ್ಲ. ಬ್ರೌನ್ 2001ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗದಲ್ಲಿ, ಹೀಗೆ ಕಲಿತ ಮೀನುಗಳಿಗೆ 11 ತಿಂಗಳ ನಂತರವೂ ದಾರಿ ನೆನಪಿತ್ತು. ಮೀನಿನ ನೆನಪು ಮೂರು ಸೆಕೆಂಡು ಎಂದು ಇನ್ನು ಯಾರಾದರೂ ಹೇಳಿದರೆ ಇದನ್ನು ಹೇಳಿ.

ಇನ್ನು ಮಿಕ್ಸ್ ಕವರಿನ ವಿಷಯ. ಬೇರೆ ಬೇರೆ ಜಾತಿಯ ರೇನ್‌ಬೋಗಳು ಒಟ್ಟಿಗೆ ಈಜುವುದು ನಿಜ. ಆದರೆ ನಾಲ್ಕು ಜಾತಿಯ ನಾಲ್ಕು ಗಂಡು ಸೇರಿದರೆ ಅದು ಬಸ್ ಸ್ಟ್ಯಾಂಡಿನಲ್ಲಿ ನಿಂತ ಜನರ ಹಾಗೆ: ಹತ್ತಿರ ಹತ್ತಿರ ಇದ್ದಾರೆ, ಒಬ್ಬರಿಗೊಬ್ಬರು ಏನೂ ಆಗಬೇಕಿಲ್ಲ. ಜಾಗ ಧಾರಾಳವಾಗಿದ್ದರೆ ಎರಡು ಜಾತಿ ಸಾಕಿ, ತೊಂದರೆಯಿಲ್ಲ. ಪ್ರತಿಯೊಂದರಲ್ಲೂ ಆರಾರು ಇರಲಿ.

ಒಂದು ಎಚ್ಚರಿಕೆ ಮಾತ್ರ ಬೇಕು. ಬೋಸೆಮನಿ ಇರುವುದು ನ್ಯೂಗಿನಿ ದ್ವೀಪದ ಪಶ್ಚಿಮ ತುದಿಯ ಅಯಮಾರು ಸರೋವರಗಳ ಸುತ್ತಮುತ್ತ. ಟರ್ಕಾಯಿಸ್ ರೇನ್‌ಬೋ ಅದೇ ದ್ವೀಪದ ಪಪುವಾ ನ್ಯೂಗಿನಿ ಭಾಗದ ಕುಟುಬು ಸರೋವರದ್ದು. ನಡುವೆ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ. ಕಾಡಿನಲ್ಲಿ ಇವು ಒಂದನ್ನೊಂದು ಕಾಣುವುದೇ ಇಲ್ಲ, ಟ್ಯಾಂಕಿನಲ್ಲಿ ಸಿಕ್ಕರೆ ಕೂಡಿ ಮರಿ ಮಾಡುತ್ತವೆ. ನಮ್ಮ ತೊಟ್ಟಿಯಲ್ಲೇ ಇಂಥದೊಂದು ಎಡವಟ್ಟಾಯಿತು. ಎರಡರ ಹೆಣ್ಣುಗಳೂ ಬೆಳ್ಳಿಬಣ್ಣದವು, ಹಿಡಿಯುವಾಗ ಅದಲುಬದಲಾದದ್ದು ಗೊತ್ತಾಗಲಿಲ್ಲ. ಎಂಟು ತಿಂಗಳು ಸಾಕಿದ ಮೇಲೆ ನೋಡಿದರೆ ಮರಿಗಳು ಅತ್ತ ಕಿತ್ತಳೆಯೂ ಅಲ್ಲ, ಇತ್ತ ನೀಲಿಯೂ ಅಲ್ಲ. ಅವನ್ನು ಮಾರಲಿಲ್ಲ, ಇನ್ನೂ ಹಿಂದಿನ ತೊಟ್ಟಿಯಲ್ಲಿವೆ. ಬೋಸೆಮನಿ ಸ್ವಂತ ನೆಲೆಯಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿರುವ ಮೀನು; ಸಾಕುವವರ ಕೈಯಲ್ಲಾದರೂ ಅದರ ಕುಲ ಕಲಬೆರಕೆಯಾಗದಿರಲಿ ಎಂಬುದು ನಮ್ಮ ಆಸೆ. ಹಾಗಾಗಿ ಎರಡು ಜಾತಿ ಸಾಕುವವರು ಮರಿ ಎಬ್ಬಿಸಿ ಬೇರೆಯವರಿಗೆ ಕೊಡಬೇಡಿ.

ಟ್ಯಾಂಕಿನ ಅಳತೆ ಈಗ ನಾವೇ ಕೇಳುತ್ತೇವೆ, ಬೇಸರ ಮಾಡಿಕೊಳ್ಳಬೇಡಿ. ಬೋಸೆಮನಿ, ಟರ್ಕಾಯಿಸ್‌ಗಳು ಬೆಳೆದರೆ 10 ಸೆಂಟಿಮೀಟರ್ ದಾಟುತ್ತವೆ, ಸೆಂಟಾನಿ ಸರೋವರದ ಕೆಂಪು ರೇನ್‌ಬೋ 15ರ ಹತ್ತಿರ ಹೋಗುತ್ತದೆ. ಇವಕ್ಕೆ ನಾಲ್ಕಡಿಗಿಂತ ಚಿಕ್ಕದು ಬೇಡ. ನೀರು ಎಷ್ಟು ಲೀಟರ್ ಎನ್ನುವುದಕ್ಕಿಂತ ಟ್ಯಾಂಕಿನ ಉದ್ದ ಮುಖ್ಯ. ಈ ಮೀನು ಈಜುವುದಲ್ಲ, ಓಡುತ್ತದೆ. ಮೂರಡಿ ಟ್ಯಾಂಕಿನವರಿಗೆ ಪ್ರೀಕಾಕ್ಸ್ ಇದೆ. ಸುಮಾರು 6 ಸೆಂಟಿಮೀಟರಿನ ಗಿಡ್ಡ ಜಾತಿ, ಗಂಡಿನ ರೆಕ್ಕೆಯಂಚು ಕೆಂಪು, ಹೆಣ್ಣಿನದು ಹಳದಿಗೆ ವಾಲಿದ ಬಣ್ಣ, ಗುರುತಿಸುವುದೂ ಸುಲಭ. ಯಾವುದೇ ಇರಲಿ, ಮುಚ್ಚಳ ಬೇಕೇ ಬೇಕು. ಬೆಚ್ಚಿದರೆ ಹಾರುತ್ತವೆ.

ಥ್ರೆಡ್‌ಫಿನ್ ರೇನ್‌ಬೋ ಮಾತ್ರ ಈ ಬಳಗದಲ್ಲಿ ಬೇರೆ ಪಂಕ್ತಿ. 4–5 ಸೆಂಟಿಮೀಟರಿನ ಮೀನು, ದಾರದಂಥ ರೆಕ್ಕೆ, ಸೂಜಿಯ ಕಣ್ಣಿನಷ್ಟು ಬಾಯಿ. ಹೆಸರು ರೇನ್‌ಬೋ ಎಂದು ಬೋಸೆಮನಿ ಜೊತೆ ಬಿಟ್ಟರೆ ಇದರ ಪಾಲಿನ ಊಟ ಮೇಲೆಯೇ ಮುಗಿದಿರುತ್ತದೆ. ಇದನ್ನು ಸಣ್ಣ, ಸಾಧು ಮೀನುಗಳ ಜೊತೆ ಮಾತ್ರ ಕೊಡುತ್ತೇವೆ. ರೆಕ್ಕೆ ಕಚ್ಚುವ ಬಾರ್ಬ್ ಮೀನುಗಳಿರುವ ಟ್ಯಾಂಕಿಗೆ ಕೊಡುವುದಿಲ್ಲ, ಆ ರೆಕ್ಕೆ ನಾಲ್ಕು ದಿನ ಉಳಿಯುವುದಿಲ್ಲ.

ದೊಡ್ಡ ರೇನ್‌ಬೋಗಳ ಜೊತೆ ಏನು ಬಿಡಬಹುದು ಎಂದರೆ, ತಳದಲ್ಲಿ ಕೋರಿಡೋರಸ್, ಬ್ರಿಸಲ್‌ನೋಸ್, ನಡುವೆ ಸ್ವಲ್ಪ ದಪ್ಪ ಜಾತಿಯ ಟೆಟ್ರಾ. ರೇನ್‌ಬೋಗಳು ಇವನ್ನು ಮುಟ್ಟುವುದಿಲ್ಲ, ಊಟದಲ್ಲಿ ಮಾತ್ರ ಮೋಸ ಮಾಡುತ್ತವೆ: ಹಾಕಿದ್ದು ತಳ ಮುಟ್ಟುವ ಮೊದಲೇ ಖಾಲಿ. ತಳದ ಮೀನಿಗೆ ಲೈಟ್ ಆರಿಸಿದ ಮೇಲೆ ಬೇರೆ ಹಾಕಿ. ಫೈಟರ್ ಮೀನು ಬೇಡ; ಉದ್ದ ರೆಕ್ಕೆ ಎಳೆದುಕೊಂಡು ನಿಧಾನ ಓಡಾಡುವ ಅದಕ್ಕೆ ಈ ಗದ್ದಲ ಆಗಿಬರುವುದಿಲ್ಲ.

ಇದೆಲ್ಲ ಕೇಳಿದ ಹಳೆಯ ಗ್ರಾಹಕರೊಬ್ಬರು ‘ಒಂದು ಕೇಳಿದವರಿಗೆ ಆರು ಮಾರೋ ಉಪಾಯ. ನಾಮ ಮೀನಿಗೋ ನಮಗೋ?’ ಎಂದು ನಕ್ಕರು. ಕೇಳಬೇಕಾದ ಪ್ರಶ್ನೆಯೇ. ಆರು ಸಾಕುವಷ್ಟು ಜಾಗವಿಲ್ಲದವರಿಗೆ ನಾವು ರೇನ್‌ಬೋ ಬೇಡ ಎನ್ನುತ್ತೇವೆ, ಬೇರೆ ಮೀನು ತೋರಿಸುತ್ತೇವೆ. ಕಳೆದ ಎರಡು ವಾರ ಹೀಗೆಯೇ ನಡೆಸಿ ನೋಡಿದೆವು. ಬರಿಗೈಯಲ್ಲಿ ಹೋದವರೇ ಹೆಚ್ಚು. ಆರೂ ಮೀನನ್ನು ಒಂದೇ ದಿನ ಒಯ್ಯಬೇಕೆಂದಿಲ್ಲ. ಹೊಸ ಟ್ಯಾಂಕಾದರೆ ನಾವೇ ಮೂರು ಕೊಟ್ಟು, ಉಳಿದ ಮೂರನ್ನು ನಿಮ್ಮ ಹೆಸರಿನಲ್ಲಿ ತೆಗೆದಿಟ್ಟು, ಮೂರು ವಾರ ಬಿಟ್ಟು ಕೊಡುತ್ತೇವೆ. ಅಷ್ಟರಲ್ಲಿ ನಿಮ್ಮ ಫಿಲ್ಟರ್ ಹದಕ್ಕೆ ಬಂದಿರುತ್ತದೆ.

ಈಗಾಗಲೇ ನಮ್ಮಿಂದ ಒಂದೋ ಎರಡೋ ಒಯ್ದವರಿಗೆ ಈ ನಿಯಮವಿಲ್ಲ. ಆರಕ್ಕೆ ಎಷ್ಟು ಕಡಿಮೆಯೋ ಅಷ್ಟೇ ಕೊಡುತ್ತೇವೆ. ಜಾಗ ಸಾಲದೆಂದರೆ ಮೀನನ್ನು ವಾಪಸ್ ತನ್ನಿ, ಪಡೆದುಕೊಂಡು ಬೇರೆ ಮೀನು ಕೊಡುತ್ತೇವೆ.

ಇನ್ನೊಂದು ಮಾತು. ಚಿಕ್ಕ ರೇನ್‌ಬೋ ಬರೀ ಬೆಳ್ಳಿ. ಪೂರ್ತಿ ಬಣ್ಣಕ್ಕೆ ವರ್ಷವಾದರೂ ಬೇಕು. ಗಂಡು ಹೆಣ್ಣು ಗೊತ್ತಾಗುವಷ್ಟು ಬೆಳೆಯುವವರೆಗೆ ಇನ್ನು ಮರಿಗಳನ್ನು ನಮ್ಮಲ್ಲೇ ಇಟ್ಟುಕೊಳ್ಳುವುದರಿಂದ, ಕೆಲವು ಸಲ ನೀವು ಕೇಳಿದ ಜಾತಿ ಸಿಗಲು ತಡವಾದೀತು.

ಬರುವಾಗ ಟ್ಯಾಂಕಿನ ಉದ್ದ, ಅಗಲ, ಎತ್ತರ ಬರೆದುಕೊಂಡು, ಒಳಗಿರುವ ಮೀನುಗಳ ಒಂದು ಫೋಟೋ ತೆಗೆದುಕೊಂಡು ಬನ್ನಿ. ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಬಂದರೆ ಇನ್ನೂ ಒಳ್ಳೆಯದು. ಲೈಟ್ ಹಾಕುವುದನ್ನು ನಿಮಗಾಗಿ ಐದು ನಿಮಿಷ ತಡ ಮಾಡುತ್ತೇವೆ.

ಇತಿ,
ಅಂಗಡಿಯ ಮೂವರೂ