ವೇಗದ ಜತೆಗೆ ದೋಷದ ಮಿತಿಯನ್ನೂ ಕೇಳಿ

ಮಾನ್ಯ ಸಂಪಾದಕರೇ,

ವಿಜ್ಞಾನ ವಸ್ತುಪ್ರದರ್ಶನಗಳ ವರದಿಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವ ಮಾದರಿಗಳಲ್ಲಿ ವಾಹನದ ವೇಗ ಅಳೆಯುವ ಯಂತ್ರವೂ ಒಂದು. ಹಲಗೆಯ ಮೇಲೊಂದು ಪುಟ್ಟ ರಸ್ತೆ, ಅದರ ಅಂಚಿಗೆ ಗೊತ್ತಾದ ಅಂತರದಲ್ಲಿ ಎರಡು ಇನ್‌ಫ್ರಾರೆಡ್ ಸೆನ್ಸರ್‌ಗಳು, ಪ್ರೋಗ್ರಾಂ ತುಂಬಬಹುದಾದ ಪುಟ್ಟ ಕಂಪ್ಯೂಟರಿನಂಥ ಒಂದು ಆರ್ಡುಯಿನೊ ಬೋರ್ಡ್, ಒಂದು ಪರದೆ. ಆಟಿಕೆ ಕಾರು ಮೊದಲ ಸೆನ್ಸರ್ ದಾಟಿದಾಗ ಶುರುವಾದ ಎಣಿಕೆ ಎರಡನೆಯದನ್ನು ದಾಟಿದಾಗ ನಿಲ್ಲುತ್ತದೆ, ದೂರವನ್ನು ಆ ಕಾಲದಿಂದ ಭಾಗಿಸಿದ ಉತ್ತರ ಪರದೆಯಲ್ಲಿ ಮೂಡುತ್ತದೆ. ಅಟಲ್ ಟಿಂಕರಿಂಗ್ ಪ್ರಯೋಗಾಲಯವಿರುವ ಯಾವ ಪ್ರೌಢಶಾಲೆಯಲ್ಲಾದರೂ ಮಾಡಬಹುದಾದ ಒಳ್ಳೆಯ ಪ್ರಯೋಗವಿದು. ಆದರೆ ಪರದೆಯಲ್ಲಿ ಗಂಟೆಗೆ 7.2134 ಕಿ.ಮೀ. ಎಂಬಂಥ ಅಂಕಿ ಕಂಡೊಡನೆ ತೀರ್ಪುಗಾರರೂ ವರದಿಗಾರರೂ ಅದನ್ನು ‘ಅತ್ಯಂತ ನಿಖರ’ ಎಂದು ಹೊಗಳುವುದು ಸರಿಯಲ್ಲ.

ಸೆನ್ಸರ್‌ಗಳ ನಡುವೆ 20 ಸೆಂ.ಮೀ. ಅಂತರವಿದ್ದು, ಕಾರು ಸೆಕೆಂಡಿಗೆ 2 ಮೀಟರ್ ವೇಗದಲ್ಲಿದ್ದರೆ ಅದು ದಾಟಲು ಬೇಕಾಗುವುದು ಸೆಕೆಂಡಿನ ಹತ್ತನೇ ಒಂದು ಭಾಗ. ಆರ್ಡುಯಿನೊದ ‘ಊನೊ’ ಮಾದರಿಯ ಮೈಕ್ರೋಸೆಕೆಂಡ್ ಎಣಿಕೆ 4 ಮೈಕ್ರೋಸೆಕೆಂಡ್‌ಗಳ ಹೆಜ್ಜೆಯಲ್ಲಿ ಸಾಗುವುದರಿಂದ ಕಾಲದ ಎಣಿಕೆಯ ಒರಟುತನ ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ತೊಡಕಿರುವುದು ದೂರದಲ್ಲಿ. ಅಗ್ಗದ ಸೆನ್ಸರ್‌ನ ಸೂಕ್ಷ್ಮತೆಯನ್ನು ಅದರ ಮೇಲಿನ ಪುಟ್ಟ ತಿರುಪು ತಿರುಗಿಸಿ ಹೊಂದಿಸುತ್ತಾರೆ. ಬಿಳಿ ಕಾರು ಚೆನ್ನಾಗಿ ಬೆಳಕು ಹಿಂತಿರುಗಿಸಿ ಬೇಗ ಸಿಕ್ಕಿಬೀಳುತ್ತದೆ, ಕಪ್ಪು ಕಾರು ತಡವಾಗಿ. ಕಿಟಕಿಯಿಂದ ಬಿಸಿಲು ಬಿದ್ದರಂತೂ ಎಲ್ಲವೂ ಏರುಪೇರು. ಎರಡೂ ಸೆನ್ಸರ್‌ಗಳು ಒಂದೇ ರೀತಿ ತಡಮಾಡಿದರೆ ನಷ್ಟವಿಲ್ಲ, ಆದರೆ ಅವು ಕಾರನ್ನು ಗುರುತಿಸುವ ಜಾಗಗಳ ನಡುವಿನ ಅಂತರದಲ್ಲಿ ಎರಡೇ ಮಿಲಿಮೀಟರ್ ವ್ಯತ್ಯಾಸವಾದರೂ ಉತ್ತರದಲ್ಲಿ ಶೇ 1ರಷ್ಟು ದೋಷ ಸೇರುತ್ತದೆ. ಆಗ 7.2ರ ಆಚೆಗಿನ ಅಂಕಿಗಳಿಗೆ ಯಾವ ಅರ್ಥವೂ ಉಳಿಯುವುದಿಲ್ಲ.

ಪ್ರೋಗ್ರಾಂನಲ್ಲಿ ಅಡಗುವ ದೋಷ ಇನ್ನೂ ವಿಚಿತ್ರವಾದದ್ದು. ಇದೇ ಬೋರ್ಡಿನ 16 ಬಿಟ್ ಟೈಮರ್ (ಗಡಿಯಾರದ ಮಿಡಿತಗಳನ್ನು ಎಣಿಸುವ ಭಾಗ) 65,535ರ ವರೆಗೆ ಮಾತ್ರ ಎಣಿಸಿ ಮತ್ತೆ ಸೊನ್ನೆಗೆ ಬರುತ್ತದೆ. 16 ಮೆಗಾಹರ್ಟ್ಸ್ ಗಡಿಯಾರವನ್ನು 8ರಿಂದ ಭಾಗಿಸಿ, ಅಂದರೆ ಎಂಟು ಮಿಡಿತಕ್ಕೆ ಒಂದರಂತೆ ಎಣಿಸಿ, ಬಳಸಿದರೆ ಒಂದು ಸುತ್ತಿಗೆ 32.768 ಮಿಲಿಸೆಕೆಂಡ್. ಮೇಲಿನ ಕಾರು ದಾಟುವಷ್ಟರಲ್ಲಿ ಟೈಮರ್ ಮೂರು ಸುತ್ತು ಮುಗಿಸಿರುತ್ತದೆ; ಸುತ್ತುಗಳನ್ನು ಎಣಿಸದ ಪ್ರೋಗ್ರಾಂ ಉಳಿದ 1.696 ಮಿಲಿಸೆಕೆಂಡನ್ನಷ್ಟೇ ಹಿಡಿದು, ಆಟಿಕೆ ಕಾರು ಗಂಟೆಗೆ ಸುಮಾರು 425 ಕಿ.ಮೀ. ವೇಗದಲ್ಲಿ ಓಡಿತೆಂದು ಹೇಳುತ್ತದೆ. ಇಷ್ಟು ದೊಡ್ಡ ತಪ್ಪು ಯಾರ ಕಣ್ಣಿಗಾದರೂ ಬೀಳುತ್ತದೆ ಅನ್ನಿ. ಪರದೆಗೆ ಅಕ್ಷರ ಬರೆಯುವುದರಲ್ಲಿ ಮಗ್ನವಾದ ಪ್ರೋಗ್ರಾಂ ಸೆನ್ಸರ್‌ನ ಸಂಕೇತವನ್ನು ತುಸು ತಡವಾಗಿ ಗಮನಿಸುವ ತಪ್ಪು ಹಾಗೆ ಬೀಳುವುದಿಲ್ಲ. ಸಂಕೇತ ಬಂದ ಕ್ಷಣದ ಎಣಿಕೆಯನ್ನು ತಾನಾಗಿಯೇ ದಾಖಲಿಸಿಕೊಳ್ಳುವ ‘ಇನ್‌ಪುಟ್ ಕ್ಯಾಪ್ಚರ್’ ಸೌಲಭ್ಯ ಆ ಟೈಮರ್‌ನಲ್ಲೇ ಇದೆ, ಅದನ್ನು ಮಕ್ಕಳಿಗೆ ಕಲಿಸಬೇಕು.

ಉಪಕರಣವನ್ನು ಒರೆಗೆ ಹಚ್ಚಲು ದುಬಾರಿ ಸಾಧನವೇನೂ ಬೇಡ. ನಿಶ್ಚಲ ಸ್ಥಿತಿಯಿಂದ ಬಿಟ್ಟ ಉಕ್ಕಿನ ಗುಂಡು 20 ಸೆಂ.ಮೀ. ಬಿದ್ದಾಗ ಅದರ ವೇಗ ಸೆಕೆಂಡಿಗೆ ಸುಮಾರು 1.98 ಮೀಟರ್ ಇರಬೇಕೆಂದು ಪಠ್ಯಪುಸ್ತಕದ ಸೂತ್ರವೇ ಹೇಳುತ್ತದೆ. ಸೆನ್ಸರ್‌ಗಳನ್ನು ಆ ಬಿಂದುವಿಗೆ ಹತ್ತಿರದಲ್ಲೇ, ಸಮಾನ ದೂರದಲ್ಲಿ ಮೇಲೊಂದು ಕೆಳಗೊಂದು ಲಂಬವಾಗಿ ಜೋಡಿಸಿ, ಹಲವು ಸಲ ಗುಂಡು ಬಿಟ್ಟು, ಬಂದ ಉತ್ತರಗಳು 1.98ಕ್ಕೆ ಎಷ್ಟು ಹತ್ತಿರವಿವೆ, ಎಷ್ಟು ಚದುರಿವೆಯೆಂದು ನೋಡಿದರೆ ಸಾಕು.

ರಸ್ತೆಯಲ್ಲಿ ದಂಡ ವಿಧಿಸಲು ಬಳಸುವ ರೇಡಾರ್ ಉಪಕರಣಗಳಿಗೂ ಪರಿಶೀಲನೆ ಮತ್ತು ಮುದ್ರೆ ಇರಬೇಕೆಂಬ ನಿಯಮ ಕಾನೂನು ಮಾಪನಶಾಸ್ತ್ರದ (ತೂಕ ಮತ್ತು ಅಳತೆಯ ಕಾನೂನು) ಅಡಿ 2025ರ ಜುಲೈ 1ರಿಂದ ಜಾರಿಗೆ ಬಂದಿದೆ. ಹಾಗಿರುವಾಗ ಪ್ರದರ್ಶನದ ಅಂಕಪಟ್ಟಿಯಲ್ಲಿ ‘ದೋಷದ ಮಿತಿ’ಗೆ ಒಂದು ಕಾಲಂ ಇರಿಸುವುದು ಶಿಕ್ಷಣ ಇಲಾಖೆಗೆ ಹೊರೆಯಾಗದು. ತಮ್ಮ ವರದಿಗಾರರೂ ಇಂಥ ಮಾದರಿಯ ಮುಂದೆ ನಿಂತಾಗ ‘ಎಷ್ಟು ಹೆಚ್ಚುಕಡಿಮೆ ಆಗಬಹುದು?’ ಎಂದು ವಿದ್ಯಾರ್ಥಿಯನ್ನು ಕೇಳಿ, ಆ ಉತ್ತರವನ್ನೂ ವರದಿಯಲ್ಲಿ ಸೇರಿಸಬೇಕೆಂದು ಕೋರುತ್ತೇನೆ.

– ಭೌತವಿಜ್ಞಾನ ಉಪನ್ಯಾಸಕ, ದಾವಣಗೆರೆ